ಪೆಟ್ಟಿಗೆಯ ಎರಡು ಖಾಲಿ ಗುಳಿ

ಮಾರ್ಚ್ ೪, ಮಂಗಳವಾರ. ಬೆಳಗ್ಗೆ ೧೦.೩೦

ಕ್ಲಿನಿಕ್ಕಿನಲ್ಲಿ ಇವತ್ತೂ ಬೆನ್ನು ತಿರುಗಿಸಿಯೇ ನಿಲ್ಲಿಸಿದರು. ತಕ್ಕಡಿ ಹತ್ತುವವಳು ನಾನು, ಅಂಕಿ ನೋಡುವವಳು ನರ್ಸ್. ಚಾರ್ಟಿನಲ್ಲಿ ಗೆರೆ ಎಳೆದು, ಫೈಲು ಮುಚ್ಚಿ ಎದೆಗೆ ಒತ್ತಿ ಹಿಡಿಯುತ್ತಾಳೆ. ಪಕ್ಕದ ಬೆಂಚಿನವಳು ಕಾಪಿ ಹೊಡೆದಾಳು ಅನ್ನುವ ಹಾಗೆ.

ತಡೆಯಲಾಗಲಿಲ್ಲ. ಹೇಳಿದೆ.

"ಸಿಸ್ಟರ್, ತೂಕ-ಅಳತೆ ಇಲಾಖೇಲಿ ಇಪ್ಪತ್ತೆರಡು ವರ್ಷದಿಂದ ಇನ್ಸ್‌ಪೆಕ್ಟರ್ ನಾನು. ಅಂಕಿ ಗಿರಾಕಿಗೆ ಕಾಣದ ಹಾಗೆ ತೂಗಿದರೆ ಕೇಸು ಹಾಕ್ತೀನಿ. ಎಷ್ಟು ಅಂಗಡಿಗೆ ಹಾಕಿದ್ದೀನಿ ಗೊತ್ತಾ?"

"ಇಲ್ಲಿ ನೀವು ಗಿರಾಕಿ ಅಲ್ಲವಲ್ಲ ಮೇಡಂ."

"ಹಾಗಾದ್ರೆ ಸರಕಾ?"

ನಕ್ಕಳು. "ಸ್ವೆಟರ್ ಹಾಕ್ಕೊಳ್ಳಿ ಮೊದಲು. ನಡುಗ್ತಿದ್ದೀರಿ."

ಪ್ರಶ್ನೆ ತೇಲಿಸಿಬಿಟ್ಟಳು. ನೆನಪಿಟ್ಟುಕೊಂಡಿದ್ದೇನೆ.

ಷರತ್ತು ಇದು — ಚಾರ್ಟಿನ ತೂಕದ ಗೆರೆ ನಾಲ್ಕು ವಾರ ಬಿಡದೆ ಮೇಲೆ ಹೋಗಬೇಕು. ಆಗ ಡಾಕ್ಟರ ಪತ್ರ. ಪತ್ರ ಕೊಟ್ಟರೆ ಮಾತ್ರ ಸಾಹೇಬರು ಮತ್ತೆ ಮಾರುಕಟ್ಟೆ ರೌಂಡಿಗೆ ಬಿಡುತ್ತಾರೆ. ಡಿಸೆಂಬರಿನಲ್ಲಿ ಮೀನಿನ ಸಾಲಿನಲ್ಲಿ, ತಕ್ಕಡಿಗೆ ತೂಕದ ಬಟ್ಟು ಇಡುತ್ತಿದ್ದವಳು ಹಾಗೆಯೇ ಕುಸಿದೆನಲ್ಲ, ಅಂದಿನಿಂದ ಕಚೇರಿಯಲ್ಲಿ ಕೂರಿಸಿದ್ದಾರೆ. ಬೀರುವಿನ ಕೀಲಿ, ದೂರಿನ ಪುಸ್ತಕ. ಮಾರುಕಟ್ಟೆಯಲ್ಲಿ ನಾನು ತಕ್ಕಡಿ ಮೇಡಂ. ನಾನು ಬೀದಿ ತಿರುಗಿದರೆ ಈರುಳ್ಳಿಯವನು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ. ಕಚೇರಿಯ ಕುರ್ಚಿಯ ಮೇಲೆ ಯಾರು ಕೂತಿದ್ದಾಳೋ, ಗೊತ್ತಿಲ್ಲ.

ಮಾರ್ಚ್ ೬, ಗುರುವಾರ. ಮಧ್ಯಾಹ್ನ ೧.೪೦

ಅಕ್ಕನ ಮನೆ. ಕಚೇರಿಯ ಹಿಂದಿನ ಬೀದಿ, ಜನವರಿಯಿಂದ ಇಲ್ಲೇ ಇದ್ದೇನೆ. ಊಟವಾಗಿ ಹತ್ತು ನಿಮಿಷ. ಅರ್ಧ ಗಂಟೆ ಏಳಬಾರದು ಅನ್ನುವುದು ಊಟದ ಡಾಕ್ಟರ ಕಟ್ಟಳೆ. ಆ ಹೊತ್ತಿಗೆ ಕೈಗೊಂದು ಕೆಲಸ ಇರಲಿ ಅಂತ ಈ ಪುಸ್ತಕ. ಕೈ ಬರೆಯುತ್ತಿದೆ, ಕಾಲು ಮೇಜಿನ ಕೆಳಗೆ ಓಡುತ್ತಲೇ ಇದೆ.

"ಮೇಜು ಅಲ್ಲಾಡ್ತಿದೆ ಕಣೇ. ನನ್ನ ಸೂಪು ಚೆಲ್ಲುತ್ತೆ."

"ಭೂಕಂಪ ಇರಬೇಕು."

"ಹೌದು. ಎರಡು ತಿಂಗಳಿಂದ ನಮ್ಮನೇಲೇ ಬಾಡಿಗೆ ಇಲ್ಲದೆ ಇದೆ."

ಊಟದ ಡಾಕ್ಟರು ಒಂದು ಹಾಳೆ ಕೊಟ್ಟಿದ್ದಾರೆ. ನಿಮಗೆ ಇಷ್ಟವಾದ ಹತ್ತು ಸಂಗತಿ ಬರೆಯಿರಿ. ಊಟದ ಮಾತು, ಮೈಯ ಮಾತು ಬರಕೂಡದು. ಒಂದು ಬರೆದೆ — ತಕ್ಕಡಿಗೆ ಸೀಸದ ಮುದ್ರೆ ಒತ್ತುವಾಗ ಆಗುವ ಟಕ್ ಸದ್ದು. ಆಮೇಲೆ ಪೆನ್ನು ನಿಂತಿತು. ಎರಡನೆಯದಾಗಿ "ಪತ್ರಿಕೆಗೆ ಓದುಗರ ಪತ್ರ" ಅಂತ ಬರೆದು ಹೊಡೆದುಹಾಕಿದೆ. ಮೂರು ವರ್ಷವಾಯಿತು, ಒಂದೂ ಬರೆದಿಲ್ಲ. ಹಿಂದೆ ತಿಂಗಳಿಗೊಂದು. ಗ್ರಂಥಾಲಯ ಸಂಜೆ ಐದಕ್ಕೇ ಮುಚ್ಚಿದಾಗ, ಸೇತುವೆಯ ಕಂಬಿ ಕಳುವಾದಾಗ. ವೃತ್ತದ ಬತ್ತಿದ ಕಾರಂಜಿಯ ಬಗ್ಗೆಯೇ ಏಳು ಪತ್ರ. ಸಿಟ್ಟು ಎಲ್ಲೂ ಹೋಗಿರಲಿಲ್ಲ. ಪೂರಾ ಊಟದ ತಟ್ಟೆಯ ಕಡೆ ತಿರುಗಿತ್ತು.

ಅಕ್ಕ ಪೇಪರ್ ಓದುತ್ತಿದ್ದಾಳೆ. "ನೋಡೇ, ಇನ್ಮೇಲೆ ಶಾಲೇಲಿ ಪ್ರತಿ ಮಗುವಿನ ತೂಕ ಬರೆದು ಕ್ಲಾಸಿನ ಗೋಡೆಗೆ ಅಂಟಿಸ್ತಾರಂತೆ. ಆರೋಗ್ಯ ಯೋಜನೆ."

ನನಗೆ ಹನ್ನೆರಡು ವರ್ಷ ಆಗ. ಡ್ರಿಲ್ ಮೇಷ್ಟ್ರು ಹೆಸರು ಕೂಗಿ, ತೂಕವನ್ನೂ ಗಟ್ಟಿಯಾಗಿ ಓದಿದರು. ನನ್ನದು ಓದಿ, ಸ್ವಲ್ಪ ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು. ನಲವತ್ತೊಂದು ಹುಡುಗಿಯರು. ಮೊದಲು ನಕ್ಕದ್ದು ಮೂರನೇ ಬೆಂಚಿನ ಕಿಟಕಿ ಕಡೆಯವಳು. ಆಮೇಲೆ ಅವಳ ಹಿಂದಿನವಳು. ಯಾರ ನಂತರ ಯಾರು ನಕ್ಕರೆಂದು ಈಗಲೂ ಸಾಲಾಗಿ ಹೇಳಬಲ್ಲೆ.

ಅದೇ ಪೇಪರಿನ ಐದನೇ ಪುಟದಲ್ಲಿ ಸೊಂಟ ಕರಗಿಸುವ ಪುಡಿಯ ಜಾಹೀರಾತು. ಕಾಲು ಪುಟ.

ಇನ್ನೂ ಎಂಟು ನಿಮಿಷ.

ಮಾರ್ಚ್ ೧೧, ಮಂಗಳವಾರ

"ಈ ವಾರ ಸ್ವಲ್ಪ ಹಿಂದೆ ಬಿದ್ದಿದ್ದೀರಿ ಮೇಡಂ" ಎಂದಳು ನರ್ಸ್.

ಶುಕ್ರವಾರ ಅಕ್ಕ ಕಟ್ಟಿಕೊಟ್ಟ ಸ್ಯಾಂಡ್‌ವಿಚ್ ಎಲ್ಲಿಗೆ ಹೋಯಿತೆಂದು ನನಗೆ ಗೊತ್ತು. ಶನಿವಾರದ್ದೂ. ಆದರೆ ಮೈಯೆಲ್ಲ ಉರಿಯಿತು. ಇಳಿಯುವಾಗ ಕಣ್ಣು ತಕ್ಕಡಿಯ ಮುದ್ರೆಯ ಮೇಲೆ ಬಿತ್ತು. ಅಭ್ಯಾಸ. ಸೀಸದ ಮೇಲಿನ ವರ್ಷ ನೋಡಿದೆ — ಅವಧಿ ಮುಗಿದು ಎರಡು ವರ್ಷ!

ಆಹಾ. ಮುದ್ರೆ ಸತ್ತ ತಕ್ಕಡಿ, ನಾನು ಹಿಂದೆ ಬಿದ್ದಿದ್ದೇನೆ ಅನ್ನುತ್ತಿದೆ.

ಕಚೇರಿಗೆ ಬಂದವಳೇ ದೂರಿನ ಪುಸ್ತಕದಲ್ಲಿ ಬರೆದೆ. ನನ್ನ ಕೈಯಾರೆ, ಎರಡು ಕಡೆ ಅಡಿಗೆರೆ ಎಳೆದು. ಮುದ್ರೆಯಪ್ಪ ಓದಿ ತಲೆಯಾಡಿಸಿದರು. ಮೂವತ್ತಮೂರು ವರ್ಷದಿಂದ ಊರಿನ ತಕ್ಕಡಿಗಳಿಗೆಲ್ಲ ಮುದ್ರೆ ಒತ್ತುತ್ತಿರುವವರು. ನಾನು ತಪಾಸಣೆ ಮಾಡುವುದು, ಅವರು ಒತ್ತುವುದು. "ಆಸ್ಪತ್ರೆಯನ್ನೂ ಬಿಡ್ಲಿಲ್ಲವಲ್ಲ ಮೇಡಂ ನೀವು" ಎಂದರು. ಹೊಗಳಿಕೆ ಅಂತಲೇ ತೆಗೆದುಕೊಂಡೆ.

ಮಾರ್ಚ್ ೧೮, ಮಂಗಳವಾರ. ಬೆಳಗ್ಗೆ ೯.೧೫

ಒಂದು ಕೆಲಸ ಮಾಡಿದ್ದೇನೆ. ಬರೆಯುವುದಿಲ್ಲ.

ಅದೇ ದಿನ. ೧೧.೫೦

ಬರೆಯುತ್ತೇನೆ.

ನಿನ್ನೆ ಸಂಜೆ ಬೀರು ತೆರೆದು, ಪರೀಕ್ಷೆಯ ಬಟ್ಟುಗಳ ಮರದ ಪೆಟ್ಟಿಗೆಯಿಂದ ಎರಡನ್ನು ತೆಗೆದೆ. ಹಿತ್ತಾಳೆಯವು, ಸರ್ಕಾರದ ಗುರುತು ಕೊರೆದವು. ಒಂದೊಂದಕ್ಕೂ ಮಖಮಲ್ಲಿನಲ್ಲಿ ಒಂದೊಂದು ಗುಳಿ. ಕೈಗವಸು ಇಲ್ಲದೆ ಮುಟ್ಟಬಾರದು, ಬೆವರು ತಾಗಿದರೂ ತೂಕ ಕೆಡುತ್ತದೆ. ಬರಿಗೈಯಲ್ಲಿ ತೆಗೆದೆ. ಇವತ್ತು ಅವುಗಳ ಸಮೇತ ತಕ್ಕಡಿ ಹತ್ತಿದೆ. ಎಲ್ಲಿಟ್ಟುಕೊಂಡಿದ್ದೆ ಅಂತ ಮಾತ್ರ ಬರೆಯುವುದಿಲ್ಲ.

ಮಾಂಸದಂಗಡಿಯ ತಟ್ಟೆಯ ಅಡಿಯಲ್ಲಿ ಅಯಸ್ಕಾಂತ ಹುಡುಕಿ ತೆಗೆದವಳು ನಾನು. ಆ ಸುದ್ದಿಯ ಪೇಪರ್ ತುಣುಕು ಇನ್ನೂ ಇಟ್ಟುಕೊಂಡಿದ್ದೇನೆ.

ನರ್ಸ್ ಚಪ್ಪಾಳೆ ತಟ್ಟಿದಳು. "ಸೂಪರ್ ಮೇಡಂ! ಹೀಗೇ ಹೋದ್ರೆ ಮುಂದಿನ ತಿಂಗಳು ಪತ್ರ ಗ್ಯಾರಂಟಿ." ನಾನೂ ನಕ್ಕೆ. ಅವಳ ಮುಖ ನೋಡಿಯೇ ನಕ್ಕೆ.

ಸ್ವೆಟರ್ ಹಾಕಿಕೊಳ್ಳುತ್ತಿದ್ದಾಗ ಬಾಗಿಲು ತಟ್ಟಿದ ಸದ್ದು. ಮುದ್ರೆಯಪ್ಪ. ಕೈಯಲ್ಲಿ ಅದೇ ಪೆಟ್ಟಿಗೆ.

"ನಿಮ್ಮ ದೂರೇ ಮೇಡಂ. ಇವತ್ತಿಗೆ ಏಳು ದಿನ."

ದೂರು ಬಂದು ಏಳು ದಿನದೊಳಗೆ ಹಾಜರಾಗಲೇಬೇಕು. ಮೂವರು ಸಾಹೇಬರ ಜೊತೆ ಜಗಳವಾಡಿ ಆ ನಿಯಮ ಮಾಡಿಸಿದವಳು ನಾನೇ. ಮಂಗಳವಾರ ರೌಂಡಿಲ್ಲ, ಪೆಟ್ಟಿಗೆ ಹೊರಗೆ ಹೋಗುವುದಿಲ್ಲ ಅಂದುಕೊಂಡಿದ್ದೆ. ನನ್ನ ದೂರು ನನಗೇ ಮರೆತಿತ್ತು.

ಮುಚ್ಚಳ ತೆಗೆದರು. ಎರಡು ಗುಳಿ ಖಾಲಿ. ಖಾಲಿ ಗುಳಿ ನೋಡಿದರು, ನನ್ನನ್ನು ನೋಡಿದರು. ನಾನು ಕೈಯನ್ನು ಸ್ವೆಟರಿನ ಮೇಲೆ ಹೇಗೆ ಅಡ್ಡ ಹಿಡಿದಿದ್ದೆನೋ.

ಮುಚ್ಚಳ ಹಾಕಿದರು. "ಎರಡು ಬಟ್ಟು ಕಚೇರೀಲೇ ಬಿಟ್ಟು ಬಂದೆ ಸಿಸ್ಟರ್. ವಯಸ್ಸಾಯ್ತು ನೋಡಿ. ಇನ್ನೊಂದು ದಿನ ಬರ್ತೀನಿ."

ಮಾರ್ಚ್ ೨೪, ಸೋಮವಾರ. ಬೆಳಗ್ಗೆ

ಐದು ದಿನ ರಜೆ. ಏನೂ ಸೇರಲಿಲ್ಲ. ನಡೆದೆ. ಬೀದಿಯ ಈ ತುದಿಯಿಂದ ಆ ತುದಿ, ಮತ್ತೆ ಈ ತುದಿ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಾಳೆ, ಬೈಯುವುದನ್ನೂ ಬಿಟ್ಟಿದ್ದಾಳೆ. ಬಟ್ಟುಗಳು ಕರವಸ್ತ್ರದಲ್ಲಿ ಸುತ್ತಿ ಡ್ರಾಯರಿನಲ್ಲಿವೆ.

ಈಗ ತಾನೆ ಮುದ್ರೆಯಪ್ಪ ಬಂದಿದ್ದರು, ರಜಾ ಅರ್ಜಿಗೆ ಸಹಿ ಹಾಕಿಸಿಕೊಳ್ಳಲು. ಹೊಸ್ತಿಲು ದಾಟಲಿಲ್ಲ.

"ಬಟ್ಟು ಏನಾಯ್ತು?" ಎಂದು ಕೇಳಿದೆ. ಏನೂ ತಿಳಿಯದವಳ ಹಾಗೆ! ನನಗೇ ನಾಚಿಕೆಯಾಯಿತು.

"ಪೆಟ್ಟಿಗೆ ವಾಪಸ್ ಇಡೋವಾಗ ಸಾಹೇಬರು ಪಕ್ಕದಲ್ಲೇ ಇದ್ರು. ದಾರೀಲಿ ಬಿದ್ದುಹೋಯ್ತು, ನನ್ನದೇ ತಪ್ಪು ಅಂದೆ. ಮೆಮೊ ಕೊಟ್ಟಿದ್ದಾರೆ. ವಿಚಾರಣೆ ಅಂತೆ."

"ನಿವೃತ್ತಿಗೆ ಎರಡೇ ತಿಂಗಳು ನಿಮಗೆ!"

"ಅದಕ್ಕೇ. ಈಗ ತಗೊಳ್ಳದೆ ಇನ್ಯಾವಾಗ ತಗೊಳ್ಳೋದು? ಮೂವತ್ತಮೂರು ವರ್ಷಕ್ಕೆ ಮೊದಲ ಮೆಮೊ. ಫ್ರೇಮ್ ಹಾಕಿಸ್ತೀನಿ."

ನಗಲಿಲ್ಲ ನಾನು. ಅವರೂ ನಗು ನಿಲ್ಲಿಸಿದರು.

"ಮೀನಿನ ಸಾಲಲ್ಲಿ ನೀವು ಬಿದ್ದಾಗ ಎತ್ತಿಕೊಂಡಿದ್ದು ನಾನು ಮೇಡಂ. ಆ ಪೆಟ್ಟಿಗೆ ದಿನಾ ಎತ್ತುತ್ತೀನಿ. ನೀವೂ ಅಷ್ಟೇ ಭಾರ ಅನ್ನಿಸ್ತು ಅವತ್ತು. ಮನೆಗೆ ಹೋಗಿ ಹೆಂಡತಿಗೂ ಹೇಳಲಾಗಲಿಲ್ಲ."

ಸಹಿ ತೆಗೆದುಕೊಂಡು ಹೋದರು. ಬಟ್ಟು ಕೊಡಿ ಎಂದು ಕೇಳಲಿಲ್ಲ.

ಮೆಟ್ಟಿಲ ಮೇಲೆ ಕೂತಿದ್ದೇನೆ. ಹೇಳಿಬಿಟ್ಟರೆ ಪತ್ರ ಇಲ್ಲ, ಮಾರುಕಟ್ಟೆ ಇಲ್ಲ. ಸುಮ್ಮನಿದ್ದರೆ ತಕ್ಕಡಿ ಮೇಡಂ ವಾಪಸ್ಸು ಬರುತ್ತಾಳೆ. ಯಾವ ತಕ್ಕಡಿ ಮೇಡಂ? ಕಳ್ಳ ತೂಕ ತೂಗಿದವಳು, ತನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿ ಈರುಳ್ಳಿಯವನ ಮುಂದೆ ಹೋಗಿ ನಿಲ್ಲುವವಳು. ಅಂಥವಳನ್ನು ಮಾರುಕಟ್ಟೆಯಲ್ಲಿ ಕಂಡರೆ ನಾನೇ ಹಿಡಿಯುತ್ತಿದ್ದೆ.

ಮಾರ್ಚ್ ೨೫, ಮಂಗಳವಾರ

ಮೊದಲು ಕ್ಲಿನಿಕ್ಕು. ಕರವಸ್ತ್ರ ಬಿಚ್ಚಿ ಎರಡೂ ಬಟ್ಟುಗಳನ್ನು ನರ್ಸಿನ ಮೇಜಿನ ಮೇಲಿಟ್ಟೆ.

"ಕಳೆದ ವಾರ ನೀವು ತೂಗಿದ್ದರಲ್ಲಿ ಇವೂ ಇದ್ದವು ಸಿಸ್ಟರ್."

ಸಮಾಧಾನದ ಮಾತು ಬರುತ್ತದೆ ಅಂದುಕೊಂಡಿದ್ದೆ. ಇಲ್ಲ. ಅವಳ ಮುಖ ಕೆಂಪಾಯಿತು.

"ನಾನು ಚಪ್ಪಾಳೆ ತಟ್ಟಿದೆ! ನೀವು ನಗ್ತಾ ನಿಂತಿದ್ರಿ! ಅವತ್ತು ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ, ಒಬ್ಬರು ಮೇಡಂ ಹುಷಾರಾಗ್ತಿದ್ದಾರೆ ಅಂತ. ನಿಮಗೇನು, ನನ್ನನ್ನ ನೋಡಿದ್ರೆ ದಡ್ಡಿ ಹಾಗೆ ಕಾಣುತ್ತಾ?"

"ಇಲ್ಲ."

"ಮತ್ತೆ?"

ನೆಲ ನೋಡಿದೆ. ಇದೇ ಪ್ರಶ್ನೆಯನ್ನು ಅಂಗಡಿಯವರಿಗೆ ನಾನು ಎಷ್ಟು ಸಲ ಕೇಳಿಲ್ಲ! ಅವರೂ ಹೀಗೆಯೇ ನೆಲ ನೋಡುತ್ತಿದ್ದರು.

ಚಾರ್ಟಿನ ಆ ವಾರದ ಗೆರೆಯನ್ನು ಅವಳು ವೈಟ್ನರ್ ಹಚ್ಚಿ ಅಳಿಸಹೋದಳು. ತಡೆದೆ. "ಅಳಿಸಬೇಡಿ. ದಾಖಲೆ ಅಳಿಸಬಾರದು. ಅಡ್ಡಗೆರೆ ಎಳೆದು ಪಕ್ಕದಲ್ಲಿ ಸಹಿ, ತಾರೀಖು." ಮುಖ ಗಂಟು ಹಾಕಿಕೊಂಡೇ ಪೆನ್ನು ಕೊಟ್ಟಳು. ಚಾರ್ಟು ಬಾಗಿಸಿ ಅಂಕಿಯ ಮೇಲೆ ಅಂಗೈ ಮುಚ್ಚಿ ಹಿಡಿದಳು. ಸಿಟ್ಟಿನಲ್ಲೂ ಅದನ್ನು ಮರೆಯಲಿಲ್ಲ. ಸಹಿ ಹಾಕಿದೆ. ನಾಲ್ಕು ವಾರ ಮತ್ತೆ ಒಂದರಿಂದ.

ಆಮೇಲೆ ಸಾಹೇಬರು. ಮುದ್ರೆಯಪ್ಪನ ಮೆಮೊ ರದ್ದು, ನನಗೊಂದು ಹೊಸದು. ವಿವರಣೆ ಬರೆದುಕೊಡಿ ಎಂದರು. ಒಂದೇ ಉಸಿರಿಗೆ ಮೂರು ಪುಟ. ಎಲ್ಲೂ ಚಿತ್ತುಕಾಟಿಲ್ಲ. ತಿರುಗಿ ನೋಡಿದಾಗ ಬೆಚ್ಚಿದೆ, ಈ ಅಕ್ಷರ ನನಗೆ ಗೊತ್ತು. ಉದ್ದ ಕೊಂಬು, ಒತ್ತಿ ಹಾಕಿದ ಪ್ರಶ್ನೆಚಿಹ್ನೆ. ಕಾರಂಜಿಯ ಪತ್ರಗಳ ಅಕ್ಷರ.

ಹೊರಗೆ ಮುದ್ರೆಯಪ್ಪ ಕಾದು ನಿಂತಿದ್ದರು, ಕೆಂಡವಾಗಿ.

"ಯಾರು ಹೇಳಿದ್ರು ನಿಮಗೆ ಒಪ್ಪಿಕೊಳ್ಳೋಕೆ? ಜೀವಮಾನದಲ್ಲಿ ಒಂದು ಸುಳ್ಳು ಹೇಳಿದ್ದೆ. ಅದನ್ನೂ ಉಳಿಸ್ಲಿಲ್ಲ ನೀವು!"

ಏಪ್ರಿಲ್ ೧, ಮಂಗಳವಾರ

ಹತ್ತಿದೆ. ಇಳಿದೆ. ಸ್ವೆಟರಿನ ಮಾತೇ ಇಲ್ಲ. ನರ್ಸಿಗೆ ಇನ್ನೂ ಮುನಿಸು.

ಶುಕ್ರವಾರದ ಸ್ಯಾಂಡ್‌ವಿಚ್ ತಿಂದೆ. ಮುಕ್ಕಾಲು. ಅತ್ತುಬಿಟ್ಟೆ. ತಿಂದೆ.

ಏಪ್ರಿಲ್ ೮, ಮಂಗಳವಾರ. ಸಂಜೆ ೪

ಬರಿಗೈ ತಾಗಿದ ಬಟ್ಟುಗಳನ್ನು ಪರೀಕ್ಷೆಗೆ ಕಳಿಸಿ ತರಿಸಲು ಎರಡು ವಾರ ಹಿಡಿಯಿತು. ಇವತ್ತು ಮುದ್ರೆಯಪ್ಪ ತುಂಬಿದ ಪೆಟ್ಟಿಗೆಯೊಂದಿಗೆ ಕ್ಲಿನಿಕ್ಕಿಗೆ ಬಂದರು. ಬಟ್ಟು ಇಡುವವರು ಒಬ್ಬರು, ಗಟ್ಟಿಯಾಗಿ ಓದುವವರು ಇನ್ನೊಬ್ಬರು ಬೇಕು, ಅದು ನಿಯಮ. "ಓದಿ ಮೇಡಂ" ಎಂದರು.

ಅವರು ಇಟ್ಟರು, ನಾನು ಓದಿದೆ. ಇಟ್ಟರು, ಓದಿದೆ. ಗಂಟಲು ಮೊದಲು ಕೀರಲು, ಆಮೇಲೆ ಮಾರುಕಟ್ಟೆಯ ದನಿ ಬಂತು. ಕಾರಿಡಾರಿನಲ್ಲಿ ಯಾರೋ ತಿರುಗಿ ನೋಡಿದರು. ಹಿತ್ತಾಳೆಯ ತೂಕವನ್ನು ಹೀಗೆ ಕೂಗಿ ಓದಬೇಕು. ಹಿತ್ತಾಳೆಗೆ ಹನ್ನೆರಡು ವರ್ಷವಲ್ಲ.

ತಕ್ಕಡಿ ಕೂದಲೆಳೆಯಷ್ಟೂ ತಪ್ಪಿಲ್ಲ. ಮುದ್ರೆ ಹಳೆಯದು, ಅಷ್ಟೇ. ನಾನು ಹಿಂದೆ ಬಿದ್ದದ್ದೂ ನಿಜವೇ ಆಗಿತ್ತು.

ಟಕ್. ಹೊಸ ಸೀಸ.

"ಈಗ ನಿಮ್ಮ ಸರದಿ" ಎಂದಳು ನರ್ಸ್. ಫೈಲು ತೆರೆಯುತ್ತ, "ಅಂಕಿ ನೋಡಲೇಬೇಕು ಅಂದ್ರೆ ಡಾಕ್ಟರನ್ನ ಕೇಳ್ತೀನಿ. ನಿಮ್ಮ ನಿಯಮ ಇದೆಯಲ್ಲ."

ದಾರಿಯುದ್ದಕ್ಕೂ ಇದನ್ನೇ ಯೋಚಿಸುತ್ತ ಬಂದಿದ್ದೆ.

"ಆ ನಿಯಮ ಕೊಡುವ ಕೊಳ್ಳುವ ಕಡೆಗೆ, ಸಿಸ್ಟರ್. ಇಲ್ಲಿ ಯಾರೂ ಏನನ್ನೂ ಮಾರ್ತಿಲ್ಲ."

ಅವಳು ಹೇಳುವ ಮೊದಲೇ ತಿರುಗಿ ನಿಂತೆ. ಎದುರಿಗೆ ಕಿಟಕಿ. ಇಷ್ಟು ವಾರ ನಿಂತರೂ ಕಿಟಕಿಯನ್ನು ನೋಡಿಯೇ ಇರಲಿಲ್ಲ. ಕೆಳಗೆ ಮೆಟ್ಟಿಲ ಮೇಲೆ ಮುದ್ರೆಯಪ್ಪ, ತೊಡೆಯ ಮೇಲೆ ಪೆಟ್ಟಿಗೆ, ಬಾಳೆಹಣ್ಣು ಸುಲಿಯುತ್ತಿದ್ದರು. ಹಿಂದಿನಿಂದ ಪೆನ್ನಿನ ಸದ್ದು.

"ಸ್ವೆಟರ್ ಹಾಕ್ಕೊಳ್ಳಿ" ಎಂದಳು.

ಏಪ್ರಿಲ್ ೧೩, ಭಾನುವಾರ. ಮಧ್ಯಾಹ್ನ ೧೨.೫೦

ಪತ್ರದ ಕರಡು. ಶಾಲೆಯ ಗೋಡೆಗೆ ಮಕ್ಕಳ ತೂಕ ಅಂಟಿಸುವ ವಿಚಾರ. ಮೂರು ಪ್ರಶ್ನೆ ಸಾಕು.

ಒಂದು: ಸೇಬಿನ ತೂಕ ಕೊಳ್ಳುವವನಿಗೆ ಕಾಣಲಿ ಎಂಬುದು ಸರಿ, ತರಗತಿಯಲ್ಲಿ ಮಗುವನ್ನು ಕೊಳ್ಳಲು ಬರುವವರು ಯಾರು?

ಎರಡು: ಆ ಪಟ್ಟಿಯ ಪಕ್ಕದಲ್ಲಿ ಅಧಿಕಾರಿಗಳ ತೂಕವನ್ನೂ ಅಂಟಿಸಲಾಗುವುದೆ?

ಮೂರನೆಯದು ಇನ್ನೂ ಚುರುಕಾಗಿರಬೇಕು. ಗಮನ ನಿಲ್ಲುತ್ತಿಲ್ಲ. ಏನೋ ಕಾಡುತ್ತಿದೆ. ಕಾಲಲ್ಲ — ಕಾಲು ಅಪರೂಪಕ್ಕೆ ಸುಮ್ಮನಿದೆ. ಹೊಟ್ಟೆ. ಊಟದ ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ, ಇದಕ್ಕೇನು ಅವಸರ? ಅಡುಗೆಮನೆಯಿಂದ ಬ್ರೆಡ್ಡು ಕಾಯಿಸುವ ವಾಸನೆ.

"ಅಕ್ಕಾ, ಆಯ್ತಾ?" ಕೂಗಿಬಿಟ್ಟೆ.

ಪಾತ್ರೆಗಳ ಸದ್ದು ನಿಂತಿತು. ಆಮೇಲೆ, ಏನೂ ಆಗದವಳ ದನಿಯಲ್ಲಿ, "ಕೈ ತೊಳ್ಕೊಂಡು ಬಾ."

ಮೂರು: ಸನ್ಮಾನ್ಯ ಇಲಾಖೆಯು ಎಂದಾದರೂ