ಏನೂ ಇಲ್ಲ ಎಂದು ಬರೆದ ಮೂರು ವರ್ಷ

ಎರಡನೇ ಬೇಸಿಗೆಯ ನಲವತ್ತೊಂದನೇ ದಿನ, ೨೧೮೭
ಏಳನೇ ಓಣಿ, ಗದಗಿನ ಹೊರಗೆ

ನೂರಾ ಅರವತ್ತು ವರ್ಷ ಹಿಂದಿರುವ ಹಿರಿಯರಿಗೆ ಫಕೀರವ್ವನ ಶರಣು.

ಈ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗಲಿಕ್ಕಿಲ್ಲ. ನಮಗೆ ಬೇಸಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಬೇಕು. ಅದರಲ್ಲಿ ಅರ್ಧ ತಪ್ಪು ಕಾಲದ್ದು, ಅರ್ಧ ನನ್ನದು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಆಮೇಲೆ ಎರಡು ಸಲ ಸೇರಿದೆ, ಎರಡು ಸಲವೂ ಬಿಟ್ಟೆ. ಈ ಕಾಗದವನ್ನೂ ಎಷ್ಟು ಸಲ ಹರಿದು ಬರೆದೆನೋ.

ನಮ್ಮಲ್ಲಿ ಪ್ರತಿ ಮನೆಗೂ ಒಂದು ನೋಟಗಟ್ಟೆ ಇರಬೇಕು. ಅಂದರೆ, ದಿನಾ ಮುಂಜಾನೆ ನಿಂತು ಹಕ್ಕಿ ನೋಡುವ ಜಾಗ. ಎಲ್ಲಿ ಎಂಬುದನ್ನು ಮನೆಯವರೇ ಆರಿಸಿಕೊಳ್ಳಬಹುದು, ಆದರೆ ಒಲೆಯ ಮೇಲೆ ಹಾಲಿಟ್ಟು ಹೊರಟರೆ ಅದು ಉಕ್ಕುವುದರೊಳಗೆ ಅಲ್ಲಿ ಮುಟ್ಟಬೇಕು. ದೂರದ ಜಾಗಕ್ಕೆ ಉಮೇದಿ ಇದ್ದ ದಿನ ಮಾತ್ರ ಹೋಗುತ್ತೇವೆ, ಹತ್ತಿರದ್ದಕ್ಕೆ ಜ್ವರ ಬಂದರೂ ಹೋಗುತ್ತೇವೆ ಎನ್ನುತ್ತಾರೆ ತಿಳಿದವರು. ಕಂಡದ್ದನ್ನು ಮನೆಯ ಮುಂದಿನ ಹಲಗೆಯ ಮೇಲೆ ಬರೆಯಬೇಕು. ಕಾಗೆ, ಮೈನಾ, ಪಾರಿವಾಳ ಬರೆಯುವ ಹಾಗಿಲ್ಲ, ಅವು ಎಲ್ಲಾದರೂ ಬದುಕುತ್ತವೆ. ಮೂರು ವರ್ಷ ಬೇರೆ ಹಕ್ಕಿ ಬಾರದಿದ್ದರೆ ಅದು ಸತ್ತ ನೆಲ ಎಂದು ತಿಳಿದು, ಮೇಲೆ ಬಿಸಿಲುಹಾಸು ಹೊದಿಸುತ್ತಾರೆ. ಬಿಸಿಲು ಕುಡಿದು ಓಣಿಗೆ ದೀಪ ಕೊಡುವ ಕರಿ ಹಾಳೆ ಅದು.

ಓಣಿಯವರೆಲ್ಲ ಕೆರೆಯ ಏರಿಯನ್ನು ಆರಿಸಿಕೊಂಡರು. ಅಲ್ಲಿ ಸಾಲಾಗಿ ನಿಂತು, ಹಕ್ಕಿ ಕಂಡ ಕೂಡಲೇ ಅದರ ಹೆಸರು ಕೂಗುತ್ತಾರೆ. ಹಲ್ಲು ಬೀಳದ ಮಕ್ಕಳೂ ಕೂಗುತ್ತವೆ. ನನಗೆ ಹೆಸರುಗಳು ಬರುವುದಿಲ್ಲ. ಹಾಗಾಗಿ ಬಟ್ಟೆ ಒಗೆಯುವ ಮನೆಯ ಹಿಂದಿನ ಹೊಂಡವನ್ನು ಆರಿಸಿಕೊಂಡೆ. ಮೊಣಕಾಲು ನೋವು, ಏರಿ ಹತ್ತಲಾರೆ ಎಂದೆ. ನೋವೇನೂ ಇರಲಿಲ್ಲ. ಹಕ್ಕಿ ನೋಡಲಿಕ್ಕೆ ಅಲ್ಲಿಗೆ ಯಾರೂ ಬರುವುದಿಲ್ಲ, ಅಷ್ಟೇ.

ಆದರೆ ಹಕ್ಕಿ ಬಂತು. ಮೊದಲ ಚಳಿಗೇ ಬಂತು. ಕಂದು ಬೆನ್ನು, ಬಿಳಿ ಹೊಟ್ಟೆ, ಕೆಸರಿನ ಅಂಚಿನಲ್ಲಿ ಹಿಂಭಾಗ ಕುಣಿಸುತ್ತ ನಡೆಯುತ್ತಿತ್ತು. ಒಂದೇ ಒಂದು. ಹೆಸರು ತಿಳಿಯದಿದ್ದರೆ ಪಕ್ಕದ ಮನೆಯವರನ್ನು ಕರೆದು ತೋರಿಸಬೇಕು ಎಂಬ ಪದ್ಧತಿ ಇದೆ. ಪಕ್ಕದ ಮನೆಯವಳು ದ್ಯಾಮಕ್ಕ, ನನಗಿಂತ ಹಿರಿಯಳು. ಅವಳ ಬಾಗಿಲ ತನಕ ಹೋದೆ. ಇಷ್ಟೂ ಗೊತ್ತಿಲ್ಲವೇ ಎಂದಾಳು ಅನ್ನಿಸಿ, ಉಪ್ಪು ಇಸಿದುಕೊಂಡು ಬಂದುಬಿಟ್ಟೆ. ಹಲಗೆಯ ಮೇಲೆ ‘ಏನೂ ಇಲ್ಲ’ ಎಂದು ಬರೆದೆ. ಮರುದಿನವೂ ಅದನ್ನೇ, ಅದು ಮತ್ತೆ ಬಂದ ಮುಂದಿನ ಚಳಿಗಳಲ್ಲೂ ಅದನ್ನೇ. ಅಕ್ಷರ ಸೊಟ್ಟಗಾಯಿತೇ, ಓದಿದವರು ನಕ್ಕಾರೇ ಎಂದು ಒಂದೇ ಸಮನೆ ಚಿಂತಿಸಿದವಳು ಹೊಂಡದ ಚಿಂತೆ ಮಾತ್ರ ಮಾಡಲಿಲ್ಲ.

ಮೂರು ವರ್ಷವಾಯಿತು. ನೆಲದ ವಿಚಾರ ತೀರ್ಮಾನಿಸುವ ನೆಲಸಭೆ ಕೂಡಿತು. ಹಿರಿಯ ಈರಸಂಗಪ್ಪ, “ಈ ಹೊಂಡದ ಬಗ್ಗೆ ಯಾರದರ ತಕರಾರು ಐತೇನು?” ಎಂದು ಕೇಳಿದ.

“ಸೊಳ್ಳಿನ ಕೇಳ್ರಿ ಅಜ್ಜಾರ, ಅವಕ್ಕ ಇದ್ದೀತು,” ಎಂದು ಯಾರೋ ಅಂದರು. ಎಲ್ಲರೂ ನಕ್ಕರು.

ದ್ಯಾಮಕ್ಕ ಎದ್ದು ನಿಂತಳು. “ನಗಬ್ಯಾಡ್ರಿ. ನಮ್ಮ ಫಕೀರವ್ವ ಮಳಿ ಇರಲಿ, ಬಿಸಿಲಿರಲಿ, ಒಂದ್ ದಿನಾನೂ ತಪ್ಪಿಸಿಲ್ಲ. ಆಕಿ ಇಲ್ಲ ಅಂದ್ರ ಇಲ್ಲ, ಮುಗೀತು.”

ನಾನು ಸೆರಗಿನ ತುದಿ ಕಚ್ಚಿಕೊಂಡು ಕೂತೆ. ಹೊಂಡದ ನೀರು ಬಸಿದು ಹಾಸು ಹೊದಿಸಿದರು.

ಈ ಸಲದ ಚಳಿಗೂ ಹಕ್ಕಿ ಬಂತು. ಕರಿ ಹಾಳೆಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯಿತು, ಅಲ್ಲಲ್ಲಿ ನಿಂತು ಕೊಕ್ಕಿನಿಂದ ಕುಟ್ಟಿತು. ನಾಲ್ಕು ಮುಂಜಾನೆ ಹೀಗೇ ಮಾಡಿತು. ಐದನೆಯ ದಿನ ಬರಲಿಲ್ಲ. ತಿಂಗಳುಗಟ್ಟಲೆ ನುಂಗಿಕೊಂಡೆ. ನಿನ್ನೆ ತಡೆಯಲಾರದೆ ದ್ಯಾಮಕ್ಕನಿಗೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಹಿಂಡುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ನಿಂತಳು.

“ಅಯ್ಯ ನಮ್ಮವ್ವ, ಬಾಲ ಕುಣಸೋದಲ್ಲ? ಬಟ್ಟಿ ಒಣಾ ಹಾಕುವಾಗ ನಾನೂ ದಿನಾ ನೋಡತಿದ್ನಿ. ನನಗೂ ಹೆಸರು ಗೊತ್ತಿಲ್ಲ. ನೀ ಇಲ್ಲ ಅಂತ ಬರದ ಮ್ಯಾಲ, ನನ್ನ ಕಣ್ಣ ಸುಳ್ಳ ಹೇಳತಾವ ಅಂತ ತಿಳಕೊಂಡೆ.”

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹಿರಿಯರೇ, ನಿಮ್ಮ ಕಾಲದಲ್ಲಿ ಇಂಥ ಹೊಂಡಗಳು ಬಹಳ ಇವೆಯಂತೆ. ಮನೆಗೆ ಹತ್ತಿರದ ಒಂದನ್ನು ಆರಿಸಿಕೊಳ್ಳಿ, ಚಂದ ಇಲ್ಲದಿದ್ದರೂ ಸರಿ. ದಿನಾ ಹೋಗಿ. ಆದರೆ ನನ್ನ ಹಾಗೆ ಅಡಗಿಕೊಳ್ಳಲಿಕ್ಕೆ ಹೋಗಬೇಡಿ. ಹೆಸರು ಬಾರದಿದ್ದರೆ ಬೆನ್ನಿನ ಬಣ್ಣ ಬರೆಯಿರಿ, ನಡಿಗೆ ಬರೆಯಿರಿ. ಬಂದಿತ್ತು ಎಂದಾದರೂ ಬರೆಯಿರಿ.

ನಾಳೆ ಮತ್ತೆ ನೆಲಸಭೆ ಇದೆ. ಹಾಸು ತೆಗೆಯಿರಿ ಎಂದು ನಾನೇ ಎದ್ದು ಕೇಳಬೇಕು. ತೆಗೆದರೂ ಹೊಂಡ ತುಂಬಲಿಕ್ಕೆ ಎರಡು ಮಳೆಗಾಲ ಬೇಕಂತೆ, ಅಷ್ಟರಲ್ಲಿ ಆ ಹಕ್ಕಿ ದಾರಿ ಮರೆತೀತೋ ಏನೋ. ಈರಸಂಗಪ್ಪ ಮೊದಲು ಕೇಳುವುದೇ ಯಾವ ಹಕ್ಕಿ ಎಂದು. ಅಷ್ಟು ಜನರೆದುರು ನಿಂತು, ನನಗೆ ಗೊತ್ತಿಲ್ಲ ಎಂದು ಹೇಳಬೇಕು.

ನಿಮ್ಮ
ಫಕೀರವ್ವ