ಲ್ಯಾನ್ಸಿಂಗ್‌ಗೆ ಹೋದ ಬ್ರಾಕೆಟ್ಟುಗಳು

ನನಗೆ ಕೆಲಸ ಕಲಿಸಿದ ಫೆಲಿಕ್ಸ್ ಪೊರ್ಬುಗಳೇ,

ನೀವು ಆಸ್ಪತ್ರೆಯಲ್ಲಿದ್ದ ಆ ಕೊನೆಯ ವಾರ ನಾನೊಂದು ಕೆಲಸ ಮಾಡಿದೆ. ಗಟ್ಟಿಯಾಗಲು ಒಲೆಯಲ್ಲಿ ಇನ್ನೂ ಎರಡು ಗಂಟೆ ಇರಬೇಕಿದ್ದ ಕಾರಿನ ಅಲ್ಯೂಮಿನಿಯಂ ಬ್ರಾಕೆಟ್ಟುಗಳನ್ನು, ಕಂಟೇನರ್ ಹೊರಡುತ್ತದೆಂದು ತೆಗೆಸಿದೆ. ಸರ್ಟಿಫಿಕೇಟಿಗೆ ನಿಮ್ಮ ಸ್ಟಾಂಪನ್ನೇ ಒತ್ತಿದೆ, ಗಿರಾಕಿಗಳು ಒಪ್ಪುತ್ತಿದ್ದುದು ಅದನ್ನು ಮಾತ್ರ. ಮರುದಿನ ನಿಮ್ಮ ಮಂಚದ ಪಕ್ಕ ಕೂತಾಗ ಹೇಳಬೇಕೆಂದಿದ್ದೆ. ನೀವು ಕಣ್ಣು ತೆರೆದು, ಒಲೆ ಹೇಗಿದೆ ಎಂದು ಕೇಳಿದಿರಿ. ಸರಿ ಇದೆ ಎಂದೆ. ಆಮೇಲೆ...

ಆ ಮಾಲು ಹೋದದ್ದು ಲ್ಯಾನ್ಸಿಂಗ್‌ಗೆ. ನಿಮ್ಮ ಲ್ಯಾನ್ಸಿಂಗ್‌ಗೆ. ಪ್ರಾಯದಲ್ಲಿ ಆರು ತಿಂಗಳು ತರಬೇತಿಗೆ ಹೋಗಿದ್ದ ಆ ಅಮೆರಿಕನ್ ಊರಿನ ಕತೆಯನ್ನು ಇಲ್ಲಿ ಅಸ್ಕರ್ ಹಳ್ಳಿಯ ನಮ್ಮ ಶೆಡ್ಡಿನಲ್ಲಿ ಅಲ್ಯೂಮಿನಿಯಂ ಗಟ್ಟಿಗಳ ಮೇಲೆ ಕೂತು, ಚಹಾ ಆರುವವರೆಗೂ ಹೇಳುತ್ತಿದ್ದಿರಿ. "ಬರೀ ಕಾಡಿತ್ತು ಜಗ್ಗ. ದೊಡ್ಡ ಊರುಗಳೆಲ್ಲ ನಂಗೆ ನಂಗೆ ಅಂತ ಜಗಳ ಮಾಡಿ, ರಾಜ್ಯದ ರಾಜಧಾನಿಯನ್ನು ಕಾಡಿಗೆ ಹಾಕಿದ್ರು. ಮತ್ತೆ ಒಬ್ಬ ಅಲ್ಲಿ ಕಾರು ಮಾಡಿದ. ಅಷ್ಟೇ, ಇಡೀ ಊರಿಗೆ ಕಾರ್ಖಾನೆಯ ಶಿಫ್ಟ್ ಬಂತು." ಅಲ್ಲಿನ ಹಳೆಯ ಕಾರ್ಖಾನೆಗಳನ್ನು ಕೆಡವಿದ ಸುದ್ದಿ ಓದಿದ ದಿನ ನೀವು ಚಹಾ ಕುಡಿಯಲಿಲ್ಲ. ಸರ್ಕಾರಿ ಕಚೇರಿಗಳು, ಪಕ್ಕದ ವಿಶ್ವವಿದ್ಯಾಲಯ, ವಿಮಾ ಕಂಪನಿಗಳು ಇದ್ದುದಕ್ಕೆ ಊರು ಉಳಿಯಿತು ಎಂದಿರಿ. ನಮ್ಮ ಈ ಗಲ್ಫ್ ದ್ವೀಪದಲ್ಲಿ ಮುತ್ತಿನ ವ್ಯಾಪಾರ ಹೋಯಿತು, ಎಣ್ಣೆ ಬಂತು, ಎಣ್ಣೆಯ ಬೆನ್ನಿಗೆ ನಮ್ಮ ಅಲ್ಯೂಮಿನಿಯಂ. ಇದೂ ಹೋದರೆ ನಮ್ಮನ್ನು ಯಾವ ಕಚೇರಿ ಉಳಿಸುತ್ತದೆ ಎಂದು ಕೇಳಿದಿರಿ. ನಾನು ಏನು ಹೇಳಿದ್ದೆ?

ಇವತ್ತು ಬೆಳಿಗ್ಗೆ ಮ್ಯಾನೇಜರ್ ಹರೀಶಣ್ಣ ನನ್ನನ್ನು ಲ್ಯಾಬಿನ ಹೊರಗೆ ಕರೆದರು. ಬ್ರಾಕೆಟ್ಟುಗಳು ಲ್ಯಾನ್ಸಿಂಗ್‌ನಲ್ಲಿ ಜೋಡಿಸುವಾಗಲೇ ಬಿರುಕು ಬಿಟ್ಟಿದ್ದವು. ಯಾರಿಗೂ ಏನೂ ಆಗಿರಲಿಲ್ಲ, ಆದರೆ ತನಿಖೆಗೆ ಅಲ್ಲಿಂದ ಒಬ್ಬ ಹೆಂಗಸು ಬಂದು ಕೂತಿದ್ದರು.

"ಎಂಥ ತಲೆಬಿಸಿ ಮಾಡ್ತಿ ಮಾರಾಯ? ಸ್ಟಾಂಪ್ ಪೊರ್ಬುಗಳದ್ದು. ಅವ್ರಿಗೆ ಇನ್ನು ಟರ್ಮಿನೇಷನ್ ಲೆಟರ್ ಕೊಡ್ಲಿಕ್ಕುಂಟಾ?"

"ಅವ್ರ ಹೆಸ್ರು ಹಾಳಾಗ್ತದಲ್ಲ ಅಣ್ಣ."

"ಹೆಸ್ರಿಗೆ ವೀಸಾ ಬೇಡ. ನಿಂಗೆ ಬೇಕು. ಮಗಳು ಹತ್ತನೇ ಕ್ಲಾಸ್ ಅಲ್ವಾ?"

ಹರೀಶಣ್ಣ ಕೆಟ್ಟವರಲ್ಲ. ನಿಮ್ಮ ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು. ಅವರ ಲೆಕ್ಕಾಚಾರ ತಪ್ಪೆಂದು ನನಗೆ ಆ ಕ್ಷಣ ಅನ್ನಿಸಲೂ ಇಲ್ಲ.

ಆ ಹೆಂಗಸಿಗೆ ನೀವು ಅವರ ಊರಿನಲ್ಲಿದ್ದಿರೆಂದು ಹೇಳಿದೆ. ಹೇಳಬಾರದಿತ್ತೋ ಏನೋ. ಅವರ ಮುಖ ಸಡಿಲವಾಯಿತು. ಕೆಡವಿದ ಕಾರ್ಖಾನೆಯಲ್ಲಿ ಅವರ ಅಪ್ಪ ಕೆಲಸ ಮಾಡುತ್ತಿದ್ದರಂತೆ. "ಈಗಲೂ ಆ ರಸ್ತೆಯಲ್ಲಿ ಹೋಗುವಾಗ ಗೇಟು ಎಲ್ಲಿತ್ತೆಂದು ತೋರಿಸುತ್ತಾರೆ. ನಾವು ನಗುತ್ತೇವೆ," ಎಂದರು. ಆಮೇಲೆ ಸರ್ಟಿಫಿಕೇಟನ್ನು ಎತ್ತಿ ಹಿಡಿದು ಕೇಳಿದರು: "ಅಷ್ಟು ಅನುಭವದ ಮನುಷ್ಯ ಇದನ್ನು ಹೇಗೆ ಬಿಟ್ಟರು?"

ನಾನು ಸುಮ್ಮನಿದ್ದೆ. ಅದು ನಿಮಗೆ ಗೊತ್ತಾಗಬೇಕು. ಅವರು ಒಲೆ ನೋಡಲು ಹರೀಶಣ್ಣನ ಜೊತೆ ಹೋಗುವವರೆಗೂ ಸುಮ್ಮನಿದ್ದೆ. ಮೇಜಿನ ಮೇಲೆ ಅವರ ಫಾರಂ ಇತ್ತು. ಮಾಲನ್ನು ಪಾಸು ಮಾಡಿದವರು ಯಾರು ಎಂಬ ಸಾಲು ಖಾಲಿ. ಮಗಳ ಶಾಲೆಯ ಬಸ್ಸು ಈಸಾ ಟೌನಿನಿಂದ ಹೊರಡುವ ಹೊತ್ತು ಎಂದು ಯಾಕೋ ನೆನಪಾಯಿತು. ನಾನು ಊರಿಗೆ ಮರಳಬೇಕಾಗಿ ಬಂದರೆ ಅವಳ ಪರೀಕ್ಷೆ... ಪೆನ್ನಿನ ಮುಚ್ಚಳ ತೆಗೆದೆ. ನೀವಿದ್ದಿದ್ದರೆ ಬೈಯುತ್ತಿದ್ದಿರಾ? ಅಥವಾ 'ನನ್ನ ಹೆಸರೇ ಹಾಕು, ನನಗಿನ್ನೇನು' ಎನ್ನುತ್ತಿದ್ದಿರಾ? ಎರಡನೆಯದನ್ನೇ ಹೇಳುತ್ತಿದ್ದಿರಿ ಎಂಬುದು ನನಗೆ ಹೆಚ್ಚು ಕಷ್ಟವಾಯಿತು.

ಅವರು ಮರಳಿದಾಗ ಆ ಸಾಲಿನಲ್ಲಿ ನನ್ನ ಹೆಸರಿತ್ತು. ಓದಿದರು. ಬಾಗಿಲಲ್ಲಿದ್ದ ಹರೀಶಣ್ಣ ನನ್ನತ್ತ ನೋಡಲಿಲ್ಲ. ನಾಳೆಯಿಂದ ನನ್ನ ಸಹಿ ನಡೆಯುವುದಿಲ್ಲ, ವೀಸಾದ ವಿಷಯ ಭಾನುವಾರ ತಿಳಿಯುತ್ತದೆ.

"ಹಾಗಾದರೆ ಫೆಲಿಕ್ಸ್ ಇದನ್ನು ನೋಡಿಯೇ ಇಲ್ಲ," ಎಂದರು ಆ ಹೆಂಗಸು.

"ನೋಡಿದ್ದರೆ ಮಾಲು ಹೊರಗೆ ಬರುತ್ತಿರಲಿಲ್ಲ," ಎಂದೆ.

"ಅದನ್ನೂ ಬರೆಯಿರಿ," ಎಂದರು. ಬರೆದೆ.

ನಿಮ್ಮ
ಜಗ್ಗ