ಸದ್ದು ನಿಲ್ಲುವವರೆಗೆ ಬಿಗಿಯಿರಿ ಎಂದವರಿಗೆ

ಬಸ್ ಡಿಪೋಗಳ ತಾಂತ್ರಿಕ ಮುಖ್ಯಾಧಿಕಾರಿಗಳೇ,

ನಿಮ್ಮ ಡ್ರೈವರಾದ ನನ್ನ ತಮ್ಮ ರಸ್ತೆಯ ಗುಂಡಿ ನೋಡದೆ ಬಸ್ಸು ನುಗ್ಗಿಸಿ ಸ್ಪ್ರಿಂಗ್ ಮುರಿದನೆಂದು ವರದಿ ಬರೆದು ಅವನನ್ನು ಅಮಾನತು ಮಾಡಿದ್ದೀರಿ. ಆ ವರದಿ ಶುದ್ಧ ಸುಳ್ಳು. ಬಸ್ಸು ಚರಂಡಿಗೆ ವಾಲಿದಾಗ ಕಾಲು ಮುರಿದುಕೊಂಡ ಅವನು ಮಂಚದ ಮೇಲಿದ್ದಾನೆ. ಸ್ಪ್ರಿಂಗ್ ಮುರಿಯುವಂತೆ ಮಾಡಿದ ನೀವು ಕುರ್ಚಿಯ ಮೇಲೆ ಆರಾಮಾಗಿದ್ದೀರಿ.

ನೀವೇ ಹೊರಡಿಸಿದ ಆಜ್ಞೆ ಮರೆತುಹೋಯಿತೇ? ಬಸ್ಸಿನಡಿ ಕಿರುಗುಟ್ಟುವ ಸದ್ದಿನ ಬಗ್ಗೆ ಪ್ರಯಾಣಿಕರು ದೂರಿದರು. ಬಿಚ್ಚಿ ನೋಡಿ ಎನ್ನಲಿಲ್ಲ ನೀವು. ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್ ಪಟ್ಟಿಗಳನ್ನು ಹಿಡಿದಿಡುವ ಯು-ಬೋಲ್ಟನ್ನು ಸದ್ದು ನಿಲ್ಲುವವರೆಗೆ ಬಿಗಿಯಿರಿ ಎಂದಿರಿ. ಮೆಕ್ಯಾನಿಕ್ಕುಗಳು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ, ಇಬ್ಬಿಬ್ಬರು ಜೋತುಬಿದ್ದು ಬಿಗಿದರು. ಸದ್ದು ನಿಂತಿತು, ನಿಮಗೂ ಸಮಾಧಾನವಾಯಿತು.

ನಾನು ಪಾಲಿಟೆಕ್ನಿಕ್ಕಿನಲ್ಲಿ ಲೋಹಗಳ ಪಾಠ ಹೇಳುವವಳು. ಬೋಲ್ಟು ಸಡಿಲವಾದರೆ ಪಟ್ಟಿಗಳು ಜಾರಾಡಿ ಸವೆಯುತ್ತವೆ, ಒಪ್ಪಿದೆ. ಆದರೆ ಸಿಕ್ಕಾಪಟ್ಟೆ ಬಿಗಿದರೆ ನಡುಭಾಗ ಅಲುಗದೆ ಕೂರುತ್ತದೆ, ಹಿಡಿತದ ಅಂಚಿನಲ್ಲಿ ಮಾತ್ರ ಕೂದಲೆಳೆಗಿಂತ ಸಣ್ಣ ಉಜ್ಜಾಟ ಉಳಿಯುತ್ತದೆ. ಭಾರಕ್ಕೆ ಪಟ್ಟಿ ಬಾಗುವುದೂ ಅಲ್ಲೇ. ಒತ್ತಡ, ತಿಕ್ಕಾಟ, ಬಾಗಾಟ ಮೂರೂ ಒಂದೇ ಗೆರೆಯ ಮೇಲೆ ಬಿದ್ದರೆ ಉಕ್ಕಾದರೂ ಎಷ್ಟು ದಿನ ತಡೆದೀತು? ಬಿರುಕು ಹಿಡಿತದ ಅಡಿಯಲ್ಲಿ ಅಡಗಿರುತ್ತದೆ. ಹೊರಗೆ ಕಾಣುವುದು ಉಕ್ಕು ಉಜ್ಜಿ ತುಕ್ಕಾಗಿ ಅಂಚಿನಿಂದ ಉದುರುವ ಕೆಂಪು ಪುಡಿ ಒಂದೇ.

ಆ ಪುಡಿಯನ್ನೂ ನೀವು ಉಳಿಸಲಿಲ್ಲ. ನಿಮ್ಮ ತಪಾಸಣೆಯ ಮುನ್ನಾದಿನ ಬಸ್ಸಿನ ಅಡಿಭಾಗವನ್ನೆಲ್ಲ ತೊಳೆದು ಕಪ್ಪು ಬಣ್ಣ ಬಳಿಯುವುದು ಡಿಪೋದ ಪದ್ಧತಿಯಲ್ಲವೇ? ನನ್ನ ತಮ್ಮ ಪುಡಿ ತೋರಿಸಿದಾಗ ಮೇಲ್ವಿಚಾರಕರು, "ಸಾಹೇಬ್ರು ಬರೋ ಹೊತ್ತಲ್ಲಿ ತಕರಾರು ತೆಗೀಬೇಡಪ್ಪ, ಇನ್ನೊಂದು ಕೈ ಬಳಿಸ್ತೀನಿ" ಅಂದರಂತೆ. ಬಳಿಸಿದರು. ನೀವು ಬಂದು, ಭೇಷ್ ಎಂದು ಬೆನ್ನು ತಟ್ಟಿ ಹೋದಿರಿ. ಅದೇ ವಾರ ಸ್ಪ್ರಿಂಗ್ ಮುರಿಯಿತು.

ಮುರಿದ ತುಂಡು ಡಿಪೋದ ಹಿತ್ತಲಲ್ಲಿದೆ, ಕಣ್ಣಾರೆ ನೋಡಿ ಬಂದಿದ್ದೇನೆ. ಮುರಿದ ಮುಖದ ಮುಕ್ಕಾಲು ಪಾಲು ಕಂದು ಬಣ್ಣಕ್ಕೆ ತಿರುಗಿದೆ, ಅದು ಹಳೆಯ ಬಿರುಕು. ಅಂದು ಮುರಿದದ್ದು ಹೊಳೆಯುವ ಕಾಲು ಪಾಲು ಮಾತ್ರ. ಗುಂಡಿಯ ಒಂದೇ ಏಟಿಗೆ ಮುರಿದಿದ್ದರೆ ಇಡೀ ಮುಖ ಹೊಳೆಯಬೇಕಿತ್ತಲ್ಲ? ಅದನ್ನು ಸೋಮವಾರ ಗುಜರಿಗೆ ಹಾಕುತ್ತೀರಂತೆ. ಇಷ್ಟು ಅವಸರ ಯಾಕೆ ಸ್ವಾಮಿ?

ಆ ತುಂಡು ಅಲ್ಲಿಂದ ಕದಲಕೂಡದು, ಹೊರಗಿನ ಪರಿಣತರು ಬಂದು ನೋಡಲಿ. ಉಳಿದ ಬಸ್ಸುಗಳ ಬೋಲ್ಟು ಬಿಚ್ಚಿಸಿ ನೋಡಿ. ನನ್ನ ತಮ್ಮನ ಮೇಲೆ ಹೊರಿಸಿದ ತಪ್ಪನ್ನು ಬರವಣಿಗೆಯಲ್ಲೇ ಹಿಂತೆಗೆದುಕೊಳ್ಳಿ. ಅದೂ ಬೇಗ. ಮೊದಮೊದಲು ಸಿಟ್ಟಿನಿಂದ ಹಾರಾಡುತ್ತಿದ್ದವನು ಈಗ ದಿನವೂ ನನ್ನನ್ನು ಕೇಳುತ್ತಾನೆ, "ಅಕ್ಕಾ, ನಾನೇ ಬ್ರೇಕ್ ತಡವಾಗಿ ಒತ್ತಿದ್ನೇನೋ, ಅಲ್ವಾ?" ನಿಮ್ಮ ಸುಳ್ಳನ್ನು ಅವನೇ ನಂಬತೊಡಗಿದ್ದಾನೆ.

ಇಂತಿ,
ನಾಳೆಯೂ ನಿಮ್ಮದೇ ಬಸ್ಸು ಹತ್ತಬೇಕಾದ,
ಆ ಡ್ರೈವರನ ಅಕ್ಕ